‘ನಾಳೆ’ ಎನ್ನುವವರೆಲ್ಲ ಸೋಮಾರಿಗಳೇ?



1990ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಮನೆಗಳ ಬಾಗಿಲ ಮೇಲಿದ್ದ ‘ನಾಳೆ ಬಾ’ ಎಂಬ ಬರಹ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಅದನ್ನೇ ಓದಿ ಮತ್ತೆ ಹೋಗುತ್ತದೆ ಎಂದು ಆಗ ಊರೆಲ್ಲ ವದಂತಿ. ದೆವ್ವದ ಮಾತು ಹಾಗಿರಲಿ. ಮಾಡಲೇಬೇಕಾದ ಕೆಲಸಗಳಿಗೆ ದಿನವೂ ‘ನಾಳೆ ಬಾ’ ಎಂದು ಬರೆದಿಡುವವರು ನಮ್ಮ ನಿಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಆದರೆ ಕೆಲಸ ದೆವ್ವದಂತೆ ಹಿಂದಿರುಗುವುದಿಲ್ಲ. ಅದು ಬಾಗಿಲ ಹೊರಗೇ ಕುಳಿತಿರುತ್ತದೆ. ಒಳಗಿರುವವನಿಗೆ ನಿದ್ದೆ ಬರುವುದಿಲ್ಲ.

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳ ಮದುವೆ ನಿಶ್ಚಯವಾಗಿದೆ. ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರ ಬೇಕೆಂದು ಗುರುಗಳು ಹೇಳಿದ್ದಾರೆ. ಮಗಳಿಗೆ ಜ್ಞಾನಸ್ನಾನವಾದದ್ದು ತಂದೆ ಹಿಂದೆ ಕೆಲಸದಲ್ಲಿದ್ದ ಬೇರೆ ಊರಿನಲ್ಲಿ. ಅಲ್ಲಿನ ಧರ್ಮಕೇಂದ್ರಕ್ಕೆ ಒಂದು ಪತ್ರ ಬರೆಯಬೇಕು, ಅಷ್ಟೇ. “ನಾಳೆ ಬರೆಯುತ್ತೇನೆ” ಎಂದು ತಂದೆ ಹೇಳಿದ್ದು ಕ್ರಿಸ್ಮಸ್ ಕಳೆದ ವಾರ. ತಪಸ್ಸುಕಾಲ ಬಂತು, ಪಾಸ್ಕ ಹಬ್ಬವೂ ಆಯಿತು, ಪತ್ರ ಹೋಗಲಿಲ್ಲ. ಇದೇ ಮನುಷ್ಯ ಪಕ್ಕದ ಮನೆಯವರನ್ನು ನಡುರಾತ್ರಿ ಆಸ್ಪತ್ರೆಗೆ ಸೇರಿಸಿ ಬೆಳಗಿನವರೆಗೂ ಜೊತೆಗಿದ್ದವರು. ಕೆಟ್ಟ ಮಿಕ್ಸಿಯೊಂದನ್ನು ಬಿಚ್ಚಿದರೆ ನಾಲ್ಕು ಗಂಟೆ ಊಟದ ನೆನಪೂ ಇಲ್ಲದೆ ಕೂರುವವರು. ಹೆಂಡತಿ “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಬಿಟ್ಟರು. ಮಗಳು ಏನೂ ಹೇಳಲಿಲ್ಲ. ಅಪ್ಪನಿಗೆ ನನ್ನ ಮದುವೆ ಮುಖ್ಯವಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಳು. ಆ ತಂದೆಗೆ ಮಗಳೆಂದರೆ ಜೀವ. ಆದರೆ ಹಾಗೆಂದು ಹೇಳಿಕೊಳ್ಳುವ ಧೈರ್ಯ ಈಗ ಅವರಿಗೂ ಇಲ್ಲ.

ಮಾಡುವ ಮನಸ್ಸಿದ್ದೂ ಕೈ ಏಳದ ಈ ಸ್ಥಿತಿಗೆ ಅನೇಕ ಕಾರಣಗಳಿರಬಹುದು. ಅವುಗಳಲ್ಲಿ ಒಂದು ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಇದು ಮೊನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳ ಬಗ್ಗೆ ಜಾರ್ಜ್ ಸ್ಟಿಲ್ ಎಂಬ ವೈದ್ಯರು 1902ರಲ್ಲೇ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಿದ್ದರು. ಆದರೆ ಇದು ತುಂಟ ಹುಡುಗರ ಕಾಯಿಲೆ, ಮೀಸೆ ಬರುವ ಹೊತ್ತಿಗೆ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿಯಿತು. ಅನೇಕರಲ್ಲಿ ಅದು ಹೋಗುವುದಿಲ್ಲ. ಹೊರಗಿನ ಓಡಾಟ ಕಡಿಮೆಯಾಗಿ ಒಳಗಿನ ಚಡಪಡಿಕೆ ಉಳಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ 17 ವರ್ಷ ದಾಟಿದವರಿಗೆಂದೇ ಅಳತೆಯನ್ನು ಸ್ವಲ್ಪ ಬದಲಿಸಿದ್ದಾರೆ. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗಾದರೂ ಇದು ಇದೆ ಎಂಬುದು ಸಾಮಾನ್ಯ ಅಂದಾಜು. ಇದು ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುವಂಥದು. ಮಗನನ್ನು ವೈದ್ಯರಿಗೆ ತೋರಿಸಲು ಹೋದ ತಂದೆ, “ಇವರು ಹೇಳುತ್ತಿರುವುದೆಲ್ಲ ನನ್ನ ಕಥೆಯೇ” ಎಂದು ಬೆರಗಾಗುವುದು ಅಪರೂಪವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ತಿಳಿಯುವುದು ಇನ್ನೂ ತಡ. ಅವರು ಬೆಂಚಿನ ಮೇಲೆ ಹತ್ತಿ ಕುಣಿಯುವುದಿಲ್ಲ, ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂರುತ್ತಾರೆ. ಸುಮ್ಮನೆ ಕೂತ ಮಗುವಿನ ಬಗ್ಗೆ ಯಾವ ಟೀಚರು ದೂರು ಹೇಳುತ್ತಾರೆ?

ಈ ತೊಂದರೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿಯವರ ವಿಚಾರವೊಂದು ಇಲ್ಲಿ ತಿಳಿಯತಕ್ಕದ್ದು. ಇಂಥವರಿಗೆ ಏನು ಮಾಡಬೇಕೆಂದು ತಿಳಿಯದೆ ಇರುವುದಿಲ್ಲ. ತಿಳಿದದ್ದನ್ನು ತಕ್ಕ ಹೊತ್ತಿನಲ್ಲಿ ಕೈಗೆ ತರುವುದರಲ್ಲಿ ತೊಡಕು. ಅವರ ಮನಸ್ಸಿಗೆ ಕಾಲ ಎರಡೇ ಬಗೆ: ‘ಈಗ’ ಮತ್ತು ‘ಈಗಲ್ಲ’. ಮುಂದಿನ ತಿಂಗಳ ಮದುವೆಯೂ ಮುಂದಿನ ವರ್ಷದ ಮಳೆಯೂ ‘ಈಗಲ್ಲ’ ಎಂಬ ಒಂದೇ ಚೀಲದಲ್ಲಿರುತ್ತವೆ. ನಡುರಾತ್ರಿಯ ಆಸ್ಪತ್ರೆ ‘ಈಗ’. ಬಿಚ್ಚಿಟ್ಟ ಮಿಕ್ಸಿ ‘ಈಗ’. ಪತ್ರ ಬರೆಯುವುದರಲ್ಲಿ ಸ್ವಾರಸ್ಯವೂ ಇಲ್ಲ, ತಲೆಯ ಮೇಲೆ ಕತ್ತಿಯೂ ಇಲ್ಲ. ಕತ್ತಿ ಬಂದ ದಿನ ಅವರು ಮಿಂಚಿನಂತೆ ಓಡಾಡಿ ಎಲ್ಲವನ್ನೂ ಮುಗಿಸುತ್ತಾರೆ. ಆಗ ಮನೆಯವರು “ನೋಡಿ, ಮನಸ್ಸು ಮಾಡಿದರೆ ಆಗುತ್ತದೆ” ಎನ್ನುತ್ತಾರೆ. ಆ ಒಂದು ಮಾತಿನಿಂದ ಆಗಿರುವ ಗಾಯ ಸಣ್ಣದಲ್ಲ.

ಹಾಗೆಂದು ಕೆಲಸ ಮುಂದೂಡುವವರೆಲ್ಲರಿಗೂ ಈ ತೊಂದರೆಯಿದೆ ಎಂದು ತಿಳಿಯಬೇಡಿ. ಅಪ್ರಿಯವಾದ ಕೆಲಸವನ್ನು ನಾಳೆಗೆ ದೂಡದವರು ಯಾರಿದ್ದಾರೆ? ಈ ತೊಂದರೆಯ ಗುರುತುಗಳು 12 ವರ್ಷ ತುಂಬುವ ಮೊದಲೇ ಕಂಡಿರಬೇಕು. ಒಂದು ಕಡೆಯಲ್ಲ, ಮನೆ, ಶಾಲೆ, ಉದ್ಯೋಗ ಹೀಗೆ ಹಲವು ಕಡೆ ತೋರಬೇಕು. ಜೀವನಕ್ಕೆ ನಿಜವಾಗಿ ಅಡ್ಡಿಯಾಗಿರಬೇಕು. ನಲವತ್ತರವರೆಗೆ ಚುರುಕಾಗಿದ್ದವರು ಇದ್ದಕ್ಕಿದ್ದಂತೆ ಹೀಗಾದರೆ ಖಿನ್ನತೆ, ನಿದ್ದೆಯ ತೊಂದರೆ, ಥೈರಾಯ್ಡ್, ಕುಡಿತ ಇವುಗಳ ಕಡೆ ಮೊದಲು ನೋಡಬೇಕು. ಇದನ್ನು ತೀರ್ಮಾನಿಸುವವರು ಮನೋವೈದ್ಯರು, ನೆರೆಮನೆಯವರಲ್ಲ, ಈ ಪುಟವೂ ಅಲ್ಲ.

ನಮ್ಮಲ್ಲಿ ಅನೇಕರು ಇದನ್ನು ವೈದ್ಯರ ಬಳಿಗೆ ಒಯ್ಯುವ ಬದಲು ಪಾಪನಿವೇದನೆಗೆ ಒಯ್ಯುತ್ತಾರೆ. “ಸ್ವಾಮಿ, ನಾನು ಸೋಮಾರಿ” ಎಂದು ವರ್ಷಗಟ್ಟಲೆ ಅದೇ ಮಾತು. ಜಡತನ ಏಳು ಪ್ರಧಾನ ಪಾಪಗಳಲ್ಲಿ ಒಂದು ಎಂಬುದು ನಿಜ. ಆದರೆ ಸಂತ ಥಾಮಸ್ ಅಕ್ವೀನಾಸರು ವಿವರಿಸಿದ ಜಡತನ ದೈವಿಕವಾದ ಒಳಿತಿನ ಬಗ್ಗೆಯೇ ಮನಸ್ಸು ಬೇಸರಪಟ್ಟು ಮುಖ ತಿರುಗಿಸುವುದು. ಮಗಳ ಮದುವೆಯನ್ನು ನೆನೆದು ರಾತ್ರಿಯೆಲ್ಲ ಹೊರಳಾಡುವ ತಂದೆ ಒಳಿತಿನಿಂದ ಮುಖ ತಿರುಗಿಸಿಲ್ಲ. ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 1735ನೇ ಪರಿಚ್ಛೇದದಲ್ಲಿ, ಅರಿವಿನ ಕೊರತೆ, ಭಯ, ಅಭ್ಯಾಸ, ಮಾನಸಿಕ ಕಾರಣಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು ಎಂಬ ಬೋಧನೆಯಿದೆ. ಹೊಣೆ ಪೂರ್ತಿ ಹೋಯಿತೆಂದು ಇದರ ಅರ್ಥವಲ್ಲ. ಪತ್ರ ಇನ್ನೂ ಬರೆಯಬೇಕಾಗಿಯೇ ಇದೆ. ಎಲ್ಲಿ ಕಾಲು ಜಾರುತ್ತದೆ ಎಂದು ಗೊತ್ತಾದವನು ಅಲ್ಲಿ ಊರುಗೋಲು ಹಿಡಿಯುವುದೇ ಅವನ ಹೊಣೆ.

ಆ ಊರುಗೋಲು ತಲೆಯ ಒಳಗಿರಬಾರದು, ಹೊರಗಿರಬೇಕು. ಇದನ್ನು ಸ್ವಲ್ಪ ವಿವರಿಸಬೇಕು. “ಇನ್ನು ಮುಂದೆ ಶಿಸ್ತಿನಿಂದಿರುತ್ತೇನೆ” ಎಂಬ ಸಂಕಲ್ಪ ತಲೆಯ ಒಳಗಿನದು; ಅದು ಯಾವ ಜಾಗದಲ್ಲಿ ಸೋರುತ್ತಿದೆಯೋ ಅದೇ ಜಾಗದಲ್ಲಿ ಇಟ್ಟ ನೀರು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತೋ ಏನೋ. ತ್ರಿಕಾಲ ಪ್ರಾರ್ಥನೆಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೆಸಿದರು. ನೆನಪಿಟ್ಟುಕೊಳ್ಳುವ ಕೆಲಸ ಗಂಟೆಯದು, ನಿಲ್ಲುವ ಕೆಲಸ ನಮ್ಮದು. ಒಬ್ಬರೇ ಕೂತರೆ ಜಪಸರದ ಎರಡನೆಯ ರಹಸ್ಯಕ್ಕೇ ಪೇಟೆ ಸುತ್ತಲು ಹೋಗುವ ಮನಸ್ಸು, ಮನೆಯವರೆಲ್ಲ ಕೂಡಿ ಕೂತಾಗ ಐದನ್ನೂ ಮುಗಿಸುತ್ತದೆ. ಇಂಥವರಿಗೆ ಕೆಲಸದಲ್ಲಿಯೂ ಇದೇ ರೀತಿ. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಸಾಕು. ಅವರು ಸಹಾಯ ಮಾಡಬೇಕಿಲ್ಲ, ಉಪದೇಶವಂತೂ ಬೇಡವೇ ಬೇಡ. ತಮ್ಮ ಪಾಡಿಗೆ ಅವರೆಕಾಳು ಬಿಡಿಸುತ್ತಿದ್ದರೂ ಸರಿ.

ಇನ್ನು ಆ ಪತ್ರ. ‘ಪತ್ರ ಬರೆಯುವುದು’ ನಿಮಗೆ ಒಂದು ಕೆಲಸವೆಂದು ಕಾಣುತ್ತದೆ. ಅದರೊಳಗೆ ಎಷ್ಟಿವೆ ಎಣಿಸಿ ನೋಡಿ: ಆ ಚರ್ಚಿನ ವಿಳಾಸ ಹುಡುಕಬೇಕು, ಜ್ಞಾನಸ್ನಾನದ ತಾರೀಖು ಬೇಕು, ಅದು ಹಳೆಯ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆ ಅಟ್ಟದ ಮೇಲಿದೆ, ಅಟ್ಟದ ಕೆಳಗೆ ಅಕ್ಕಿ ಮೂಟೆ. ಮನಸ್ಸು ಮುಗ್ಗರಿಸಿದ್ದು ಪತ್ರದಲ್ಲಲ್ಲ, ಅಕ್ಕಿ ಮೂಟೆಯಲ್ಲಿ. ಆದ್ದರಿಂದ ಮೊದಲ ಹೆಜ್ಜೆಯನ್ನು ನಗು ಬರುವಷ್ಟು ಚಿಕ್ಕದು ಮಾಡಿ: ಇವತ್ತು ಮೂಟೆ ಸರಿಸುವುದು ಮಾತ್ರ. ಅದಕ್ಕೂ ಒಂದು ಗೂಟ ಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ‘ಮಾಡುತ್ತೇನೆ’ ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ಕಟ್ಟುಪಾಡು ಹೆಚ್ಚು ಫಲ ಕೊಡುತ್ತದೆಂದು ತೋರಿಸಿದರು. ‘ಭಾನುವಾರ ಪೂಜೆ ಮುಗಿಸಿ ಬಂದು ಕಾಫಿ ಲೋಟ ಕೆಳಗಿಟ್ಟ ಕೂಡಲೇ ಮೂಟೆ ಸರಿಸುತ್ತೇನೆ.’ ಇದನ್ನು ಚೀಟಿಯಲ್ಲಿ ಬರೆದು ಆ ಲೋಟದ ಕೆಳಗೇ ಇಡಿ. ಡೈರಿಯಲ್ಲಿ ಬರೆದರೆ ಡೈರಿ ತೆರೆಯುವುದೂ ಒಂದು ಕೆಲಸವಾಗುತ್ತದೆ!

ಕುಳಿತ ಮೇಲೆ ಹತ್ತು ನಿಮಿಷಕ್ಕೆ ಅಲಾರಂ ಇಡಿ. ಅಷ್ಟರಲ್ಲಿ ಬೇರೇನಾದರೂ ನೆನಪಾದರೆ, ಆಗುತ್ತದೆ, ಎದ್ದು ಓಡದೆ ಪಕ್ಕದ ಹಾಳೆಯಲ್ಲಿ ಒಂದು ಪದ ಬರೆದು ಪತ್ರಕ್ಕೆ ಮರಳಿ. ಅಮೆರಿಕದಲ್ಲಿ ಸ್ಟೀವನ್ ಸಾಫ್ರೆನ್ ಮತ್ತು ಸಂಗಡಿಗರು ವಯಸ್ಕರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿ ಈ ಅಭ್ಯಾಸವೂ ಸೇರಿದೆ. ಔಷಧಿಗಳೂ ಇವೆ. ಮೀಥೈಲ್‌ಫೆನಿಡೇಟ್ ಎಂಬುದು 1944ರಲ್ಲೇ ತಯಾರಾದ ಹಳೆಯ ಔಷಧಿ. ರಕ್ತದೊತ್ತಡ, ಹೃದಯ ಪರೀಕ್ಷಿಸಿ ವೈದ್ಯರೇ ಬರೆದುಕೊಡಬೇಕು. ಕನ್ನಡಕ ಹಾಕಿಕೊಳ್ಳಲು ನಾಚದವರು ಇದಕ್ಕೇಕೆ ನಾಚಬೇಕೋ ತಿಳಿಯದು. ಎಲ್ಲಿಂದ ಆರಂಭಿಸುವುದೆಂದು ತೋಚದವರು, 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಗಂಡನೋ ಹೆಂಡತಿಯೋ ಹೀಗಿದ್ದರೆ ನಿಮಗೂ ದಣಿವಾಗಿರುತ್ತದೆ. ಎಲ್ಲ ಬಿಲ್ಲುಗಳನ್ನೂ ನೀವೇ ಕಟ್ಟಿ, ಎಲ್ಲ ತಾರೀಖುಗಳನ್ನೂ ನೀವೇ ಹೊತ್ತು ಬೇಸತ್ತಿರುತ್ತೀರಿ. ಆ ಬೇಸರ ತಪ್ಪಲ್ಲ. ಆದರೆ 2010ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್, ತಿಮೋಥಿ ಪಿಚಿಲ್, ಶಾನನ್ ಬೆನೆಟ್ ಎಂಬವರು ಪ್ರಕಟಿಸಿದ ಅಧ್ಯಯನವೊಂದನ್ನು ಕೇಳಿ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ ಕೆಟ್ಟ ವಿದ್ಯಾರ್ಥಿಗಳಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರೇ ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಅವರು ಎ.ಡಿ.ಎಚ್.ಡಿ. ಇದ್ದವರೆಂದಲ್ಲ, ಸಾಮಾನ್ಯ ವಿದ್ಯಾರ್ಥಿಗಳು. ಆದರೂ ವಿಷಯ ಸ್ಪಷ್ಟ. ನಾಚಿಕೆ ಹೆಚ್ಚಿದಷ್ಟೂ ಆ ಕೆಲಸದ ಮುಖ ನೋಡಲು ಭಯ, ಭಯ ಹೆಚ್ಚಿದಷ್ಟೂ ಇನ್ನೊಂದು ನಾಳೆ.

ಆದ್ದರಿಂದ ಆ ಮನೆಯ ಮಗಳಿಗೆ ಒಂದು ಮಾತು. “ಪತ್ರ ಬರೆದಿರಾ ಅಪ್ಪಾ?” ಎಂದು ಹತ್ತೊಂಬತ್ತನೆಯ ಸಲ ಕೇಳಬೇಡಮ್ಮ. ಇವತ್ತು ರಾತ್ರಿ ಊಟದ ತಟ್ಟೆಗಳನ್ನು ತೆಗೆದ ಮೇಲೆ ಮೇಜಿನ ಮೇಲೆ ಹಾಳೆ, ಪೆನ್ನು, ಲಕೋಟೆ ಇಡು. ಎದುರಿಗೆ ನಿನ್ನ ಮದುವೆಯ ಆಮಂತ್ರಿತರ ಪಟ್ಟಿ ಹಿಡಿದು ನೀನೂ ಕುಳಿತುಕೋ. “ಪೂಜ್ಯ ಸ್ವಾಮಿಗಳಿಗೆ” ಎಂಬ ಮೊದಲ ಸಾಲನ್ನು ಬೇಕಾದರೆ ನೀನೇ ಬರೆದಿಡು. ಎರಡನೆಯ ಸಾಲನ್ನು ಅವರು ಬರೆಯುತ್ತಾರೆ.