ಹೊರಗಿನ ಕೋರ್ಸ್, ಕಂಪನಿಯ ಎಲ್‌ಎಂಎಸ್‌: ಜೋಡಿಸುವುದು ಹೇಗೆ?

ಅಗ್ನಿ ಸುರಕ್ಷತೆ, ಸೈಬರ್ ಭದ್ರತೆ, ಲೈಂಗಿಕ ಕಿರುಕುಳ ತಡೆ, ಎಕ್ಸೆಲ್... ಉದ್ಯೋಗಿಗಳಿಗೆ ಕೊಡಬೇಕಾದ ತರಬೇತಿಗಳ ಪಟ್ಟಿ ಉದ್ದವಿದೆ. ಎಲ್ಲವನ್ನೂ ಕಂಪನಿಯೇ ತಯಾರಿಸಲು ಆಗದು. ಹಾಗಾಗಿ ಸಿದ್ಧ ಕೋರ್ಸ್‌ಗಳನ್ನು ಹೊರಗಿನ ಸಂಸ್ಥೆಯಿಂದ ಕೊಂಡು ತಮ್ಮ ಕಲಿಕಾ ವೇದಿಕೆಗೆ, ಅಂದರೆ ಎಲ್‌ಎಂಎಸ್‌ಗೆ, ಸೇರಿಸಿಕೊಳ್ಳುವವರೇ ಹೆಚ್ಚು. ಕೊಳ್ಳುವುದು ಸುಲಭ, ತೊಡಕೆಲ್ಲ ಜೋಡಣೆಯಲ್ಲಿ. ಕೋರ್ಸ್ ತೆರೆಯುತ್ತದೆ, ವಿಡಿಯೊ ಓಡುತ್ತದೆ, ಉದ್ಯೋಗಿ ಪರೀಕ್ಷೆಯನ್ನೂ ಬರೆಯುತ್ತಾರೆ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಅವರ ಹೆಸರಿನ ಮುಂದೆ ‘ಅಪೂರ್ಣ’ ಎಂದಿರುತ್ತದೆ. ಪಾಳಿ ಮುಗಿಸಿ ಕೂತು ಕಲಿತವರಿಗೆ ‘ಮತ್ತೊಮ್ಮೆ ಮಾಡಿ’ ಎನ್ನುವುದು ನ್ಯಾಯವಲ್ಲ. ಕಲಿತವರ ದಾಖಲೆ ಅವರ ಹೆಸರಿಗೇ ಬಂದು ಸೇರಿದಾಗ ಮಾತ್ರ ಜೋಡಣೆ ಮುಗಿಯಿತು ಎನ್ನಬಹುದು.

ಇಲ್ಲಿ ಉದಾಹರಣೆಗೆ ಮೂಡಲ್ ವೇದಿಕೆಯನ್ನು ತೆಗೆದುಕೊಂಡಿದ್ದೇವೆ. ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಸ್ 2002ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಬೇರೆ ವೇದಿಕೆಗಳಲ್ಲಿ ಮೆನುಗಳ ಹೆಸರು ಬದಲಾಗುತ್ತದೆ, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಕೋರ್ಸ್ ಯಾವ ರೂಪದಲ್ಲಿ ಸಿಗುತ್ತದೆ?

ಹಣ ಕಟ್ಟುವ ಮೊದಲೇ ವೆಂಡರ್‌ಗೆ ಈ ಪ್ರಶ್ನೆ ಕೇಳಿ. ಸಾಮಾನ್ಯವಾಗಿ ಮೂರು ದಾರಿಗಳಿವೆ.

- ಸ್ಕಾರ್ಮ್ ಪ್ಯಾಕೇಜ್: ಇಡೀ ಕೋರ್ಸ್ ಒಂದು ಜಿಪ್ ಫೈಲ್ ಆಗಿ ಕೈಗೆ ಬರುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆ ರೂಪಿಸಿದ ಮಾನದಂಡವಿದು. 2001ರ 1.2 ಆವೃತ್ತಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ.
- ಎಲ್‌ಟಿಐ: ಕೋರ್ಸ್ ವೆಂಡರ್‌ನ ಸರ್ವರ್‌ನಲ್ಲೇ ಇರುತ್ತದೆ. ನಮ್ಮ ಉದ್ಯೋಗಿ ಇನ್ನೊಂದು ಪಾಸ್‌ವರ್ಡ್ ಇಲ್ಲದೆ ನೇರವಾಗಿ ಅಲ್ಲಿಗೆ ಹೋಗುತ್ತಾರೆ, ಅಂಕ ನಮ್ಮ ವೇದಿಕೆಗೆ ಬರುತ್ತದೆ. 2019ರಲ್ಲಿ ಬಂದ 1.3 ಆವೃತ್ತಿಯನ್ನೇ ಕೇಳಿ. ಹಳೆಯ 1.1ಕ್ಕಿಂತ ಇದರ ಭದ್ರತೆ ಗಟ್ಟಿ.
- ಬರೀ ಲಿಂಕ್: ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳನ್ನು ಹೀಗೆ ಸೇರಿಸಬಹುದು. ಆದರೆ ಲಿಂಕ್ ಒತ್ತಿದ್ದಷ್ಟೇ ನಮ್ಮಲ್ಲಿ ದಾಖಲಾಗುತ್ತದೆ.

ಮೂಡಲ್ ಬಳಸುವವರು ಒಂದು ವಿಷಯ ಗಮನಿಸಬೇಕು. ಅದು ಸ್ಕಾರ್ಮ್ 1.2 ಅನ್ನು ಪೂರ್ತಿ ಬೆಂಬಲಿಸುತ್ತದೆ, ಸ್ಕಾರ್ಮ್ 2004 ಆವೃತ್ತಿಯನ್ನು ಅಲ್ಲ. ‘ನಮಗೆ 1.2ರಲ್ಲೇ ಕೊಡಿ’ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಹಂತ 2: ಉದ್ಯೋಗಿಯ ಗುರುತು ಒಂದೇ ಇರಲಿ

ಅಂಕಗಳು ಕಳೆದುಹೋಗುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ವೇದಿಕೆಯಲ್ಲಿ ಕಂಪನಿಯ ಇ-ಮೇಲ್, ವೆಂಡರ್ ಬಳಿ ಸ್ವಂತ ಜಿಮೇಲ್ ಇದ್ದರೆ ಒಬ್ಬರೇ ಉದ್ಯೋಗಿ ಇಬ್ಬರಾಗುತ್ತಾರೆ. ಇ-ಮೇಲ್ ಬದಲಾಗಬಹುದು, ಶಾಪ್‌ಫ್ಲೋರ್‌ನಲ್ಲಿ ಹಲವರಿಗೆ ಇ-ಮೇಲ್ ಇರುವುದೇ ಇಲ್ಲ. ಆದ್ದರಿಂದ ಎಂಪ್ಲಾಯಿ ಕೋಡನ್ನೇ ಗುರುತಾಗಿ ಇಟ್ಟುಕೊಳ್ಳುವುದು ಕ್ಷೇಮ. ಮೂಡಲ್‌ನ ಪ್ರೊಫೈಲ್‌ನಲ್ಲಿ ಇದಕ್ಕೆಂದೇ ‘ಐಡಿ ನಂಬರ್’ ಎಂಬ ಜಾಗವಿದೆ.

ಉದ್ಯೋಗಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸುವಾಗ ಎರಡು ಎಚ್ಚರಿಕೆ. 00427 ಎಂಬ ಕೋಡ್ ಟೈಪ್ ಮಾಡಿದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 427 ಎಂದು ಉಳಿಸಿಕೊಳ್ಳುತ್ತದೆ. ವೇದಿಕೆಯ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ವ್ಯಕ್ತಿಗಳು! ಹಾಗಾಗಿ ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳಿ. ಎರಡನೆಯದು, ಹೆಸರುಗಳು ಕನ್ನಡದಲ್ಲಿದ್ದರೆ ಫೈಲನ್ನು ‘ಸಿಎಸ್‌ವಿ ಯುಟಿಎಫ್-8’ ಎಂದೇ ಸೇವ್ ಮಾಡಿ. ಸಾದಾ ಸಿಎಸ್‌ವಿ ಆದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿಯುತ್ತವೆ.

ಹಂತ 3: ಜೋಡಣೆ

*ಸ್ಕಾರ್ಮ್ ಆದರೆ:*

1. ಕೋರ್ಸ್ ಪುಟದಲ್ಲಿ ‘ಎಡಿಟ್ ಮೋಡ್’ ಆನ್ ಮಾಡಿ, ‘ಸ್ಕಾರ್ಮ್ ಪ್ಯಾಕೇಜ್’ ಎಂಬ ಚಟುವಟಿಕೆಯನ್ನು ಸೇರಿಸಿ.
2. ವೆಂಡರ್ ಕೊಟ್ಟ ಜಿಪ್ ಫೈಲನ್ನು ಬಿಚ್ಚದೆ ಹಾಗೆಯೇ ಅಪ್‌ಲೋಡ್ ಮಾಡಿ. ಜಿಪ್ ತೆರೆದ ಕೂಡಲೇ ‘ಐಎಂಎಸ್‌ಮ್ಯಾನಿಫೆಸ್ಟ್’ ಎಂಬ ಎಕ್ಸ್‌ಎಂಎಲ್ ಫೈಲ್ ಕಾಣಬೇಕು. ಯಾರೋ ಒಮ್ಮೆ ಬಿಚ್ಚಿ, ಫೋಲ್ಡರ್ ಸಮೇತ ಮತ್ತೆ ಜಿಪ್ ಮಾಡಿದ್ದರೆ ಆ ಫೈಲ್ ಒಂದು ಮೆಟ್ಟಿಲು ಒಳಗೆ ಹೋಗಿರುತ್ತದೆ. ಆಗ ವೇದಿಕೆ ಪ್ಯಾಕೇಜನ್ನು ಒಪ್ಪುವುದಿಲ್ಲ.
3. ಫೈಲ್ ದೊಡ್ಡದೆಂದು ಅಪ್‌ಲೋಡ್ ನಿಂತರೆ ಸರ್ವರ್‌ನ ಪಿಎಚ್‌ಪಿ ಮಿತಿಯನ್ನು ಹೆಚ್ಚಿಸುವಂತೆ ಐಟಿ ವಿಭಾಗಕ್ಕೆ ಹೇಳಿ. ಪಿಎಚ್‌ಪಿಯ ಮೂಲ ಮಿತಿ ಬರೀ 2 ಎಂಬಿ.

*ಎಲ್‌ಟಿಐ ಆದರೆ:*

1. ಅಡ್ಮಿನ್ ಲಾಗಿನ್‌ನಲ್ಲಿ ‘ಸೈಟ್ ಅಡ್ಮಿನಿಸ್ಟ್ರೇಷನ್’, ‘ಪ್ಲಗಿನ್ಸ್’, ‘ಎಕ್ಸ್‌ಟರ್ನಲ್ ಟೂಲ್’, ‘ಮ್ಯಾನೇಜ್ ಟೂಲ್ಸ್’ ಹೀಗೆ ಮುಂದುವರಿಯಿರಿ.
2. ವೆಂಡರ್ ಕೊಟ್ಟ ಟೂಲ್ ಯುಆರ್‌ಎಲ್, ಲಾಗಿನ್ ಯುಆರ್‌ಎಲ್, ರೀಡೈರೆಕ್ಷನ್ ಯುಆರ್‌ಎಲ್ ಮತ್ತು ಪಬ್ಲಿಕ್ ಕೀಸೆಟ್ ವಿಳಾಸಗಳನ್ನು ತುಂಬಿ ಸೇವ್ ಮಾಡಿ. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ–ಪೇಸ್ಟ್ ಮಾಡಿ.
3. ಸೇವ್ ಆದ ಟೂಲ್ ಮೇಲಿನ ಭೂತಗನ್ನಡಿ ಚಿಹ್ನೆ ಒತ್ತಿದರೆ ಪ್ಲಾಟ್‌ಫಾರ್ಮ್ ಐಡಿ, ಕ್ಲೈಂಟ್ ಐಡಿ, ಡಿಪ್ಲಾಯ್‌ಮೆಂಟ್ ಐಡಿ ಮತ್ತು ಮೂರು ಯುಆರ್‌ಎಲ್‌ಗಳು ಕಾಣುತ್ತವೆ. ಇವಿಷ್ಟನ್ನೂ ವೆಂಡರ್‌ಗೆ ಕಳುಹಿಸಿ. ಎರಡೂ ಕಡೆ ತುಂಬಿದ ಮೇಲಷ್ಟೇ ಬಾಗಿಲು ತೆರೆಯುತ್ತದೆ.
4. ಅಂಕಗಳನ್ನು ಸ್ವೀಕರಿಸುವ ಆಯ್ಕೆಯನ್ನು ಆನ್ ಮಾಡಿ. ಇದನ್ನು ಮರೆತರೆ ಕೋರ್ಸ್ ಚೆನ್ನಾಗಿಯೇ ನಡೆಯುತ್ತದೆ, ಅಂಕ ಮಾತ್ರ ಬರುವುದಿಲ್ಲ.
5. ‘ಹೊಸ ವಿಂಡೋದಲ್ಲಿ ತೆರೆ’ ಎಂಬುದನ್ನು ಆರಿಸಿ. ಸಫಾರಿಯಂಥ ಬ್ರೌಸರ್‌ಗಳು ಪುಟದೊಳಗೆ ತೆರೆಯುವ ಬೇರೆ ತಾಣದ ಕುಕಿಗಳನ್ನು ತಡೆಯುತ್ತವೆ. ಐಫೋನ್ ಬಳಸುವವರಿಗೆ ಖಾಲಿ ಪರದೆ ಕಾಣುವುದು ಇದರಿಂದಲೇ.

*ಬರೀ ಲಿಂಕ್ ಆದರೆ:* ಲಿಂಕ್ ಜೊತೆಗೆ ಒಂದು ‘ಅಸೈನ್‌ಮೆಂಟ್’ ಇಟ್ಟು ಪ್ರಮಾಣಪತ್ರ ಅಪ್‌ಲೋಡ್ ಮಾಡಿಸಿ, ಇಲ್ಲವೇ ಐದಾರು ಪ್ರಶ್ನೆಗಳ ಕ್ವಿಜ್ ಸೇರಿಸಿ.

ಹಂತ 4: ‘ಮುಗಿಯಿತು’ ಎಂದರೆ ಏನು?

ಎಲ್ಲ ಸ್ಲೈಡ್ ನೋಡಿದರೆ ಸಾಕೇ, ಪರೀಕ್ಷೆಯಲ್ಲಿ ಪಾಸಾಗಬೇಕೇ? ಇದನ್ನು ತೀರ್ಮಾನಿಸಬೇಕಾದವರು ಎಚ್‌ಆರ್, ವೆಂಡರ್ ಅಲ್ಲ. ಸ್ಕಾರ್ಮ್ 1.2ರಲ್ಲಿ ‘ಕಂಪ್ಲೀಟೆಡ್’, ‘ಪಾಸ್ಡ್’ ಎರಡೂ ಒಂದೇ ಖಾನೆಯಲ್ಲಿ ಬರುವುದರಿಂದ ಕೋರ್ಸ್ ಯಾವುದನ್ನು ಕಳುಹಿಸುತ್ತದೆ ಎಂದು ಕೇಳಿಕೊಳ್ಳಿ. ಕೋರ್ಸ್ ‘ಪಾಸ್ಡ್’ ಎಂದು ಕಳುಹಿಸುತ್ತಿದ್ದು, ನಮ್ಮ ವೇದಿಕೆ ‘ಕಂಪ್ಲೀಟೆಡ್’ಗಾಗಿ ಮಾತ್ರ ಕಾಯುತ್ತಿದ್ದರೆ ಎಲ್ಲರೂ ಅಪೂರ್ಣರಾಗಿಯೇ ಉಳಿಯುತ್ತಾರೆ.

ಕಾನೂನಿಗೆ ಸಂಬಂಧಿಸಿದ ತರಬೇತಿಗಳಲ್ಲಿ ಇದು ಇನ್ನೂ ಮುಖ್ಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಕಾಯ್ದೆ, ಕಾಲಕಾಲಕ್ಕೆ ಅರಿವು ಕಾರ್ಯಕ್ರಮ ನಡೆಸುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿದೆ. ಯಾರು, ಯಾವಾಗ ಕಲಿತರು ಎಂಬುದಕ್ಕೆ ಸರಿಯಾದ ದಾಖಲೆ ಇರಲೇಬೇಕು.

ಹಂತ 5: ಕನ್ನಡ ಸರಿಯಾಗಿದೆಯೇ?

ಕಲಿಯುವವರು ಕನ್ನಡದವರಾಗಿದ್ದರೆ ಕೋರ್ಸ್‌ನ ಕನ್ನಡ ಆವೃತ್ತಿಗೆ, ಕನಿಷ್ಠ ಕನ್ನಡ ಸಬ್‌ಟೈಟಲ್‌ಗೆ ಪಟ್ಟು ಹಿಡಿಯಿರಿ. ಯಂತ್ರದ ಮುಂದೆ ನಿಲ್ಲುವ ವ್ಯಕ್ತಿಗೆ ಸುರಕ್ಷತೆಯ ಪಾಠ ಅರ್ಥವಾಗದ ಭಾಷೆಯಲ್ಲಿ ಸಿಕ್ಕರೆ ಏನು ಪ್ರಯೋಜನ? ಪಠ್ಯ ಯೂನಿಕೋಡ್‌ನಲ್ಲಿ ಇದೆಯೇ ನೋಡಿ. ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಹಂತ 6: ಎಲ್ಲರಿಗೂ ಬಿಡುವ ಮೊದಲು ಪರೀಕ್ಷೆ

ಅಡ್ಮಿನ್ ಲಾಗಿನ್‌ನಲ್ಲಿ ನೋಡಿ ಸಮಾಧಾನ ಪಡಬೇಡಿ. ಸಾಮಾನ್ಯ ಉದ್ಯೋಗಿಯಂಥ ಮೂರು ಖಾತೆಗಳನ್ನು ತೆರೆಯಿರಿ. ಒಂದರಲ್ಲಿ ಪಾಸಾಗಿ, ಇನ್ನೊಂದರಲ್ಲಿ ಬೇಕೆಂದೇ ಫೇಲಾಗಿ, ಮೂರನೆಯದರಲ್ಲಿ ಅರ್ಧಕ್ಕೆ ಬಿಟ್ಟು ಮರುದಿನ ಮುಂದುವರಿಸಿ. ಮೊಬೈಲ್‌ನಲ್ಲೂ ಒಮ್ಮೆ ನೋಡಿ. ಆಮೇಲೆ ನಮ್ಮ ರಿಪೋರ್ಟನ್ನೂ ವೆಂಡರ್‌ನ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಆಗ ಕಾಣಬಹುದಾದ ತೊಡಕುಗಳು ಮತ್ತು ಪರಿಹಾರಗಳು ಇವು:

- *ಮರುದಿನ ಮೊದಲ ಸ್ಲೈಡ್‌ಗೇ ಹೋಗುತ್ತಿದೆ:* ಸ್ಕಾರ್ಮ್ 1.2ರಲ್ಲಿ ‘ಎಲ್ಲಿಗೆ ನಿಂತಿದ್ದೆ’ ಎಂಬ ಮಾಹಿತಿಗೆ 4096 ಅಕ್ಷರಗಳ ಮಿತಿಯಿದೆ. ಉದ್ದದ ಕೋರ್ಸ್‌ಗಳು ಇದನ್ನು ಮೀರಬಹುದು. ಕೋರ್ಸನ್ನು ಸಣ್ಣ ಭಾಗಗಳಾಗಿ ಒಡೆದು ಕೊಡುವಂತೆ ಕೇಳಿ.
- *ಕೊನೆಯ ಭಾಗ ದಾಖಲಾಗಿಲ್ಲ:* ‘ಎಕ್ಸಿಟ್’ ಒತ್ತದೆ ವಿಂಡೋ ಮುಚ್ಚಿರಬಹುದು. ಮೊದಲ ಪುಟದಲ್ಲೇ ಸೂಚನೆ ಹಾಕಿ.
- *ಪಾಠ ಮುಗಿದರೂ ಕೋರ್ಸ್ ಮುಗಿದಂತೆ ತೋರಿಸುತ್ತಿಲ್ಲ:* ಸರ್ವರ್‌ನಲ್ಲಿ ತಾನಾಗಿ ಓಡುವ ‘ಕ್ರಾನ್’ ಕೆಲಸ ನಿಂತಿರಬಹುದು. ಅದು ನಿಮಿಷಕ್ಕೊಮ್ಮೆ ಓಡುತ್ತಿರಬೇಕು.

ಹಂತ 7: ಮಾಹಿತಿ ಮತ್ತು ಒಪ್ಪಂದ

ವೆಂಡರ್‌ಗೆ ಕೋರ್ಸ್‌ಗೆ ಬೇಕಾದಷ್ಟೇ ಮಾಹಿತಿ ಕೊಡಿ. ಹೆಸರು, ಎಂಪ್ಲಾಯಿ ಕೋಡ್ ಸಾಕಾಗುವಾಗ ಮೊಬೈಲ್ ಸಂಖ್ಯೆ, ಹುಟ್ಟಿದ ದಿನಾಂಕ ಏಕೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ, ಹೊರಗಿನವರ ಕೈಗೆ ಕೊಟ್ಟ ಮಾಹಿತಿಗೂ ಕಂಪನಿಯೇ ಹೊಣೆ, ಅದಕ್ಕೆ ಒಪ್ಪಂದವೂ ಇರಬೇಕು. ಲೈಸೆನ್ಸ್ ಮುಗಿದ ಮೇಲೆ ಹಳೆಯ ದಾಖಲೆಗಳು ಸಿಗುತ್ತವೆಯೇ ಎಂದೂ ಬರೆಸಿಕೊಳ್ಳಿ. ನಮ್ಮ ಕಡೆಯೂ ಅವಧಿ ಮುಗಿದ ಕೋರ್ಸನ್ನು ಡಿಲೀಟ್ ಮಾಡಬೇಡಿ, ‘ಹೈಡ್’ ಮಾಡಿ. ಡಿಲೀಟ್ ಆದರೆ ಉದ್ಯೋಗಿಗಳ ದಾಖಲೆಯೂ ಅದರೊಂದಿಗೆ ಹೋಗುತ್ತದೆ.

ಮೊದಲು ಒಂದೇ ಕೋರ್ಸ್, ಒಂದೇ ವಿಭಾಗಕ್ಕೆ ಬಿಡಿ. ಆರಂಭದ ವಾರಗಳಲ್ಲಿ ಎರಡೂ ಕಡೆಯ ರಿಪೋರ್ಟ್‌ಗಳನ್ನು ತಾಳೆ ನೋಡುತ್ತಿರಿ. ಯಾರದಾದರೂ ದಾಖಲೆ ಬಂದಿಲ್ಲವೆಂದರೆ ಅವರನ್ನು ಮತ್ತೆ ಕೋರ್ಸ್‌ಗೆ ಕೂರಿಸುವ ಮೊದಲು ವೆಂಡರ್ ಬಳಿಯ ಮಾಹಿತಿ ತರಿಸಿ. ಅವರು ಮುಗಿಸಿದ್ದು ನಿಜವಾದರೆ ಅಡ್ಮಿನ್ ಕೈಯಿಂದಲೇ ‘ಪೂರ್ಣ’ ಎಂದು ತಿದ್ದಬಹುದು, ಮೂಡಲ್‌ನಲ್ಲಿ ಆ ಅವಕಾಶವಿದೆ. ಜೋಡಣೆಯ ದೋಷಕ್ಕೆ ಕಲಿತವರು ದಂಡ ತೆರುವಂತಾಗಬಾರದು.