ಉತ್ತಮ ಚಾಲಕ ಪ್ರಶಸ್ತಿ ಪತ್ರವೂ ಒಂದು ದಾಖಲೆ

ಆಯುಧಪೂಜೆಯ ದಿನ ಲಾರಿ ಕಂಪನಿಗಳ ಅಂಗಳ ನೋಡಬೇಕು. ಬಾಳೆಕಂದು ಕಟ್ಟಿಸಿಕೊಂಡ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಚಕ್ರದಡಿ ನಿಂಬೆಹಣ್ಣು, ನೆಲದ ಮೇಲೆ ಒಡೆದ ಬೂದುಗುಂಬಳ. ಪೂಜೆ ಮುಗಿದ ಮೇಲೆ ಮಾಲೀಕರು ಮೈಕು ಹಿಡಿದು ಹೆಸರು ಕರೆಯುತ್ತಾರೆ. ಹತ್ತು ವರ್ಷ ಒಂದೂ ಅಪಘಾತ ಮಾಡದ ಚಾಲಕನಿಗೆ ಶಾಲು, ಹಾರ, ಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ. ಸಂಜೆಯೊಳಗೆ ಆ ಫೋಟೊ ಕಂಪನಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ, ತಿಂಗಳ ಸುದ್ದಿಪತ್ರದಲ್ಲೂ ಅಚ್ಚಾಗುತ್ತದೆ. ಮನೆಯವರು ಪತ್ರವನ್ನು ದೇವರ ಪಟದ ಪಕ್ಕ ತೂಗುಹಾಕುತ್ತಾರೆ.

ಮೊಳೆ ಹೊಡೆಯುವ ಮುನ್ನ ಅದರ ಒಂದು ಜೆರಾಕ್ಸ್ ಮಾಡಿಸಿ ಕಡತದಲ್ಲಿಡಿ. ಆ ಪತ್ರದಲ್ಲಿ ಹೊಗಳಿಕೆಯಷ್ಟೇ ಇಲ್ಲ. ನೀವು ಆ ಕಂಪನಿಯ ಕೆಲಸಗಾರರು, ಇಷ್ಟು ವರ್ಷದಿಂದ ಇದ್ದೀರಿ ಎಂದು ಮಾಲೀಕರೇ ಸಹಿ ಹಾಕಿ ಒಪ್ಪಿಕೊಂಡಿದ್ದಾರೆ. ಲಾರಿ ಉದ್ಯಮದಲ್ಲಿ ಅಂಥ ಒಪ್ಪಿಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಎಷ್ಟೋ ಚಾಲಕರ ಬಳಿ ನೇಮಕಾತಿ ಪತ್ರವಿಲ್ಲ, ಸಂಬಳ ಚೀಟಿಯಿಲ್ಲ. ಬಾಟಾ ಕೈಗೆ, ಸಂಬಳ ಅರ್ಧ ಬ್ಯಾಂಕಿಗೆ ಅರ್ಧ ನಗದು. ಕ್ಲೀನರ್ ಮತ್ತು ಹಮಾಲಿಗಳ ಹೆಸರಂತೂ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೆಲಸ ಹೋದ ದಿನ 'ಇವನು ನಮ್ಮ ನೌಕರನೇ ಅಲ್ಲ' ಎಂಬ ಮಾತು ಬಂದರೆ ಉತ್ತರಿಸಲು ಕೈಯಲ್ಲಿ ಕಾಗದ ಬೇಕು.

ವಜಾ ವ್ಯಾಜ್ಯಗಳಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದನ್ನು ಮೊದಲು ತೋರಿಸಬೇಕಾದವನು ಕಾರ್ಮಿಕನೇ. ಬರೀ ಬಾಯಿಮಾತಿನ ಪ್ರಮಾಣ ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು. ಹಾಜರಿ ಪುಸ್ತಕ ಮಾಲೀಕನ ಬೀರುವಿನಲ್ಲಿರುವಾಗ ಕಾರ್ಮಿಕ ಎಲ್ಲಿಂದ ತರಬೇಕು? ಇದಕ್ಕೆ ದಾರಿ ತೋರಿಸಿದ್ದು 2005ರ ನವೆಂಬರ್‌ನಲ್ಲಿ ಬಂದ ಯಲ್ಲಟ್ಟಿ ಪ್ರಕರಣದ ತೀರ್ಪು. ಅದೂ ನಮ್ಮ ರಾಜ್ಯದ್ದೇ. ಸರ್ಕಾರಿ ಕಚೇರಿಯೊಂದರಲ್ಲಿ ದಿನಗೂಲಿಗಿದ್ದ ಆ ನೌಕರನ ಬಳಿ ನೇಮಕಾತಿ ಆದೇಶವಿರಲಿಲ್ಲ. ಇಂತಿಷ್ಟು ಅವಧಿ ದುಡಿದಿದ್ದಾನೆ ಎಂದು ಅಧಿಕಾರಿಯೊಬ್ಬರು ಬರೆದುಕೊಟ್ಟಿದ್ದ ಪ್ರಮಾಣಪತ್ರವಿತ್ತು. ಕಚೇರಿಯವರು ಹಾಜರಿ ದಾಖಲೆಗಳನ್ನು ಸರಿಯಾಗಿ ಹಾಜರುಪಡಿಸಲಿಲ್ಲ. ನ್ಯಾಯಾಲಯ ಆ ಪ್ರಮಾಣಪತ್ರಕ್ಕೆ ಬೆಲೆ ಕೊಟ್ಟು ಕಾರ್ಮಿಕನ ಪರ ನಿಂತಿತು.

ಪ್ರಶಸ್ತಿ ಪತ್ರ, ಸುದ್ದಿಪತ್ರದ ಪುಟ, ಕಂಪನಿಯ ಹೆಸರಿರುವ ಗುರುತಿನ ಚೀಟಿ, ಸಮವಸ್ತ್ರದಲ್ಲಿ ತೆಗೆದ ಗುಂಪು ಫೋಟೊ, ನಿಮ್ಮ ಹೆಸರಿರುವ ಟ್ರಿಪ್ ಶೀಟು ಎಲ್ಲಕ್ಕೂ ಬೆಲೆ ಬರುವುದು ಇದೇ ಕಾರಣಕ್ಕೆ. ಒಂದೇ ಕಾಗದದಿಂದ ಕೇಸು ಗೆಲ್ಲುತ್ತದೆಂದು ನಾನು ಹೇಳಲಾರೆ. ನಾಲ್ಕು ಕಾಗದಗಳು ಒಂದೇ ಮಾತು ಹೇಳಿದರೆ ಅಲ್ಲಗಳೆಯುವುದು ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಭಿನಂದನೆಯನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನ್ ಇದ್ದರೆ ಆ ಕೆಲಸ ಹಗುರ.

ಈಗ ಇನ್ನೊಂದು ಕೆಲಸ. ಪ್ರಶಸ್ತಿ ಪತ್ರದಲ್ಲಿರುವ ವರ್ಷಗಳನ್ನು ನಿಮ್ಮ ಭವಿಷ್ಯನಿಧಿ ಪಾಸ್‌ಬುಕ್ಕಿನ ಪಕ್ಕ ಇಟ್ಟು ನೋಡಿ. ಪತ್ರದಲ್ಲಿ ಹತ್ತು ವರ್ಷದ ಸೇವೆ ಎಂದಿದ್ದು, ಪಾಸ್‌ಬುಕ್ಕಿನಲ್ಲಿ ವಂತಿಗೆ ಶುರುವಾಗಿ ನಾಲ್ಕೇ ವರ್ಷವಾಗಿದ್ದರೆ ಉಳಿದ ಆರು ವರ್ಷದ ಹಣ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯ. ದೂರನ್ನು ಲಿಖಿತವಾಗಿ ಭವಿಷ್ಯನಿಧಿ ಕಚೇರಿಗೆ ಕೊಡಿ, ಪತ್ರದ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ತಡ ಮಾಡಬೇಡಿ. ಬಾಕಿ ಉಳಿದ ದಿನದಿಂದ ಐದು ವರ್ಷ ದಾಟಿದರೆ ವಿಚಾರಣೆ ಆರಂಭಿಸುವಂತಿಲ್ಲ ಎಂಬ ಮಿತಿ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ.

ಈ ಸಂಹಿತೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೆಯ ಕಾನೂನುಗಳ ಜಾಗದಲ್ಲಿ ಇವು ನಿಂತಿವೆ. ಲಾರಿ, ಬಸ್ ನೌಕರರಿಗೆಂದೇ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ಅವುಗಳಲ್ಲಿ ಒಂದು. ಹೊಸ ವ್ಯವಸ್ಥೆಯಲ್ಲಿ ಚಾಲಕರಿಗೆ ಅತಿ ಮುಖ್ಯವಾದದ್ದು ನೇಮಕಾತಿ ಪತ್ರ ಕಡ್ಡಾಯವಾಗಿರುವುದು. ಪ್ರಶಸ್ತಿ ಕೊಟ್ಟ ಮಾಲೀಕರನ್ನು ನೇಮಕಾತಿ ಪತ್ರ ಕೊಡಿ ಎಂದು ಕೇಳಲು ಸಂಕೋಚ ಪಡಬೇಕಿಲ್ಲ.

ಇನ್ನೊಂದು ಬದಲಾವಣೆ ವೇತನದ ವ್ಯಾಖ್ಯೆಯಲ್ಲಿ ಆಗಿದೆ. ತಿಂಗಳಿಗೆ ಒಟ್ಟು 30,000 ರೂಪಾಯಿ ಕೊಟ್ಟು ಮೂಲವೇತನ 9,000, ಉಳಿದದ್ದು ಆ ಭತ್ಯೆ ಈ ಭತ್ಯೆ ಎಂದು ತೋರಿಸುವ ರೂಢಿ ಎಲ್ಲರಿಗೂ ಗೊತ್ತು. ಈಗ ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಈ ಲೆಕ್ಕದಲ್ಲಿ ವೇತನ 15,000 ಆಗುತ್ತದೆ. ಗ್ರಾಚ್ಯುಟಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಹತ್ತು ವರ್ಷದ ಸೇವೆಗೆ 9,000ದ ಮೇಲೆ 51,923 ರೂಪಾಯಿ, 15,000ದ ಮೇಲೆ 86,538 ರೂಪಾಯಿ. ಹತ್ತು ವರ್ಷ ರಾತ್ರಿ ನಿದ್ದೆಗೆಟ್ಟವನಿಗೆ ಈ ಅಂತರ ದೊಡ್ಡದೇ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು, ಸಾವು ಅಥವಾ ಅಂಗವೈಕಲ್ಯವಾದರೆ ಆ ಷರತ್ತಿಲ್ಲ. ನಿಗದಿತ ಅವಧಿಯ ಒಪ್ಪಂದದಲ್ಲಿರುವವರಿಗೆ ಒಂದು ವರ್ಷ ಸಾಕು.

ಹಬ್ಬದ ದಿನ ಕೊಟ್ಟ ಲಕೋಟೆಯ ಬಗ್ಗೆಯೂ ಒಂದು ಮಾತು. ಶಾಸನಬದ್ಧ ಬೋನಸ್ ಮಾಲೀಕರ ಖುಷಿಗೆ ಬಿಟ್ಟದ್ದಲ್ಲ. ಅರ್ಹ ನೌಕರನಿಗೆ ಕನಿಷ್ಠ 8.33 ಶೇಕಡಾ, ಗರಿಷ್ಠ 20 ಶೇಕಡಾ ಸಲ್ಲಬೇಕು. 'ಪೂಜಾ ಬೋನಸ್' ಎಂದು ಕೊಟ್ಟ ಹಣವನ್ನು ಅದರಲ್ಲಿ ಮುರಿದುಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಶಾಲು, ಫಲಕ, ಮಿಕ್ಸಿಗಳನ್ನು ಕೊಟ್ಟು ಬೋನಸ್ ಮುಗಿಯಿತು ಎನ್ನುವಂತಿಲ್ಲ. ಸಂಬಳ ಕೊಟ್ಟಿಲ್ಲ, ಬೋನಸ್ ಬಂದಿಲ್ಲ ಎಂಬ ದೂರಿನಲ್ಲಿ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಕ್ಲೇಮು ಹಾಕಲು ಮೂರು ವರ್ಷದ ಅವಧಿಯಿದೆ.

ಪ್ರಶಸ್ತಿ ಯಾವುದಕ್ಕೆ ಎಂಬುದನ್ನೂ ನೋಡಬೇಕು. ಅಪಘಾತವಿಲ್ಲದ ಸೇವೆಗೆ ಕೊಟ್ಟರೆ ಸಂತೋಷ. ಆದರೆ 'ಅತಿ ಬೇಗ ಸರಕು ಮುಟ್ಟಿಸಿದವನು' ಎಂದು ಬಹುಮಾನ ಕೊಡುವ ಪದ್ಧತಿ ಜೀವಕ್ಕೆ ಅಪಾಯ, ನಾನು ಅದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಮು ವೇಗಮಿತಿ ಮೀರಿ ಓಡಿಸಿದವನ ಜೊತೆಗೆ ಓಡಿಸಲು ಕಾರಣನಾದ ಮಾಲೀಕನನ್ನೂ ತಪ್ಪಿತಸ್ಥನೆನ್ನುತ್ತದೆ. ವೇಗಮಿತಿ ಮೀರದೆ ತಲುಪಲು ಆಗದಂಥ ಸಮಯ ನಿಗದಿ ಮಾಡಿ ಸೂಚನೆ ಕೊಟ್ಟರೆ, ಆ ಸೂಚನೆಯೇ ಅವನ ವಿರುದ್ಧ ಮೇಲ್ನೋಟದ ಸಾಕ್ಷ್ಯ. 'ನಾಳೆ ಬೆಳಿಗ್ಗೆ ಐದಕ್ಕೆ ಪುಣೆಯಲ್ಲಿರಬೇಕು' ಎಂಬ ಸಂದೇಶ ಬಂದರೆ ಅದನ್ನೂ ಉಳಿಸಿಕೊಳ್ಳಿ. ದಿನದ ಕೆಲಸ 8 ಗಂಟೆ ಮೀರಿದರೆ ಹೆಚ್ಚುವರಿ ಸಮಯಕ್ಕೆ ಎರಡು ಪಟ್ಟು ಕೂಲಿ ಸಲ್ಲಬೇಕು. ಟ್ರೋಫಿ ಅದಕ್ಕೆ ಬದಲಿಯಲ್ಲ.

ಕೆಲವರಿಗೆ ತಮ್ಮ ಫೋಟೊ, ಊರು, ಮಕ್ಕಳ ಶಾಲೆ, ಆಪರೇಷನ್ ಆದ ಸುದ್ದಿ ಎಲ್ಲ ಸುದ್ದಿಪತ್ರದಲ್ಲಿ ಬರುವುದು ಇಷ್ಟವಿರುವುದಿಲ್ಲ. ಅವರು ಬೇಡ ಎನ್ನಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಅರ್ಜಿಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಲಮುಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ.

ಆ್ಯಪ್ ಮೂಲಕ ಸರಕು ಸಾಗಿಸುವವರಿಗೆ ಮಾಲೀಕನೇ ಕಾಣಿಸುವುದಿಲ್ಲ, ಸ್ಟಾರುಗಳೇ ಅವರ ಪ್ರಶಸ್ತಿ. ಅವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿದೆ. ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಅದರ ಸಾಮಾನ್ಯ ನಿಯಮ. ಸ್ಟಾರುಗಳ ಪರದೆಯನ್ನು ಆಗಾಗ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಖಾತೆ ಮುಚ್ಚಿದ ದಿನ ಅದನ್ನು ತೆರೆಯಲು ಆಗುವುದಿಲ್ಲ.

ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಿ, ಎರಡು ವರ್ಷ ದಾಟಲು ಬಿಡಬೇಡಿ. ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಕೈಗಾರಿಕಾ ಕಾರ್ಮಿಕನಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿ ಅಡ್ಡ ಬರುವುದಿಲ್ಲ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿಯಿರುತ್ತದೆ. ಗೋಡೆಯ ಮೇಲಿನ ಪ್ರಶಸ್ತಿ ಪತ್ರವನ್ನು ಇಳಿಸಿಕೊಂಡು ಅಲ್ಲಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.