ಹಳೇ ಮೊಬೈಲಿಗೂ ಹಲ್ಲು ನೋಡಿ

ಎತ್ತು ಕೊಳ್ಳುವಾಗ ಹಲ್ಲು, ಸುಳಿ ಎಲ್ಲಾ ನೋಡುತ್ತೇವೆ. ಹಳೇ ಮೊಬೈಲಿಗೆ ಮಾತ್ರ ಗಾಜು ಒಡೆದಿಲ್ಲ ಅಂದರೆ ದುಡ್ಡು ಎಣಿಸಿಬಿಡುತ್ತೇವೆ. ಕಳವಿನ ಮಾಲಾದರೆ ದುಡ್ಡೂ ಹೋಯ್ತು, ಠಾಣೆ ಅಲೆದಾಟ ಬೇರೆ.

ಅದರಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರು ಕಾಣುತ್ತದೆ. ಎರಡು ಸಿಮ್ಮಿನದಾದರೆ ಎರಡು ನಂಬರು. ಬಿಲ್ಲಿನಲ್ಲೂ ಅದೇ ಇರಬೇಕು. ನಿಮ್ಮ ಫೋನಿನಲ್ಲಿ ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ನಂಬರು ಹಾಕಿ 14422ಕ್ಕೆ ಮೆಸೇಜು ಕಳಿಸಿ. ಉತ್ತರವನ್ನು ಶಾಲೆಗೆ ಹೋಗೋ ಮಕ್ಕಳ ಕೈಲಿ ಓದಿಸಿ. ‘ಬ್ಲ್ಯಾಕ್‌ಲಿಸ್ಟೆಡ್’, ‘ಡೂಪ್ಲಿಕೇಟ್’ ಅಂತ ಬಂದರೆ ಎಷ್ಟೇ ಅಗ್ಗವಾದರೂ ಬೇಡ.

ಮಾರುವವನ ಗೂಗಲ್ ಖಾತೆಯನ್ನು ನಿಮ್ಮೆದುರೇ ತೆಗೆಸಿ. ಉಳಿದರೆ ಮುಂದೆ ಫೋನು ಅವನ ಪಾಸ್‌ವರ್ಡ್ ಕೇಳುತ್ತ ಕೂರಬಹುದು. ನಿಮ್ಮ ಸಿಮ್ ಹಾಕಿ ಬಿಸಿಲಲ್ಲಿ ನಿಂತು ಮಾತಾಡಿ ನೋಡಿ. ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ದರೆ ಮುಟ್ಟಲೇಬೇಡಿ.